ಮೂರೇ ಗಂಟೆ

ಅಕ್ಕಾ,

ಇವತ್ತು ನನ್ನ ವಿಮಾನ ಟಿಕೆಟ್ ಕೌಂಟರಿನಲ್ಲಿ ಅಜ್ಜಿಯೊಬ್ಬರು ನಿನ್ನೂರಿನಿಂದ ಬರುವ ಮಗಳ ಟಿಕೆಟ್ ತೋರಿಸಿ, "ಹತ್ತಕ್ಕೆ ಹೊರಟು ಒಂದಕ್ಕೆ ಬಂದ್ಬಿಡ್ತಾಳೆ, ಮೂರೇ ಗಂಟೆ!" ಎಂದು ಹಿಗ್ಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಹತ್ತು ಅಲ್ಲಿಯ ಗಡಿಯಾರದ್ದು, ಒಂದು ಇಲ್ಲಿಯದು. ಅಲ್ಲಿ ಎರಡೂವರೆ ಗಂಟೆ ಮುಂದೆ. ಪ್ರಯಾಣ ಐದೂವರೆ ಗಂಟೆ!" ಎಂದು ರೇಗಿಬಿಟ್ಟೆ.

ಅಮ್ಮನ ಮುಂದೆ ನೀನು ಜಂಬ ಕೊಚ್ಚಿದ್ದೂ ಹೀಗೇ: "ಕರೆದ್ರೆ ಮೂರೇ ಗಂಟೇಲಿ ಬಂದ್ಬಿಡ್ತೀನಿ." ಐದೂವರೆ ಎಂದು ನಾನು ಬಡಿದುಕೊಂಡರೂ ಅವಳು ನಂಬಿದ್ದು ನಿನ್ನನ್ನೇ. ಆಸ್ಪತ್ರೆಯಿಂದ ನಾನು ಫೋನ್ ಮಾಡಿದಾಗ ನೀನು "ಹೊರಟೆ" ಎಂದೆ. ಅಮ್ಮ ಮೂರು ಗಂಟೆ ಬಾಗಿಲನ್ನೇ ನೋಡಿದಳು. ಆಮೇಲೆ "ಅವಳು ಬರಲ್ಲ ಬಿಡು" ಎಂದು ಗೋಡೆಯ ಕಡೆ ಹೊರಳಿದಳು. ನೀನಾಗ ಆಕಾಶದಲ್ಲಿದ್ದೆ.

"ನನ್ನ ದಾರಿ ನೋಡ್ತಾನೇ ಹೋದ್ಳು" ಎಂದು ಎಲ್ಲರ ಮುಂದೆ ಅಳುತ್ತೀಯ. ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಉಸಿರು ನಿಂತ ಮೇಲೆ ಅವಳ ಮುಖವನ್ನು ಬಾಗಿಲ ಕಡೆ ತಿರುಗಿಸಿದ್ದು ನಾನು ಕಣೇ.