ತುಂಬಿದ ಟ್ಯಾಂಕು

ನೆಲಮಾಳಿಗೆಯ ಮನೆ,
ನವೆಂಬರ್ ೯, ಭಾನುವಾರ

ಪ್ರೀತಿಯ ಅಪ್ಪಾ,

ತುಂಬಿತು! ನೀನು ಮದುವೆಗೆ ಕೊಟ್ಟ, ಗಾಳಿಯ ತೇವ ಹೀರಿ ನೀರಾಗಿಸುವ ಡಿಹ್ಯುಮಿಡಿಫೈಯರಿನ ಟ್ಯಾಂಕು ಕಂಠಪೂರ್ತಿ ತುಂಬಿತು, ಅದೂ ಸತತ ಮೂರು ದಿನ! ನಿನ್ನ ಮಂಡಿನೋವು ಹೇಗಿದೆ? ಫ್ರಿಜ್ ರಿಪೇರಿಗೆ ಕುಕ್ಕರಗಾಲಲ್ಲಿ ಕೂರಬೇಡ, ಸ್ಟೂಲು ಹಾಕಿಕೋ ಅಂದಿದ್ದೆ. ಹಾಕಿಕೊಳ್ಳುತ್ತಿದ್ದೀಯಾ?

ಈಗ ಮಂಗಳವಾರ. ಮೇಲಿನ ಸಾಲುಗಳನ್ನು ಹೊಡೆದುಹಾಕಲು ಕೈ ಬರಲಿಲ್ಲ ಅಪ್ಪಾ. ಎಷ್ಟು ಖುಷಿಯಲ್ಲಿದ್ದೆ ಅಂತ ನೀನೂ ನೋಡು. ಮೊದಲು ಮಿಷನ್ನು ನೀರೇ ಹಿಡಿಯದಿದ್ದಾಗ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದೆ. ಫಿಲ್ಟರು ತೊಳೆದೆ, ಅದು ಒಣಗಲು ಎರಡು ದಿನ ಹಿಡಿಯಿತು. ಮಿಷನ್ನನ್ನು ಗೋಡೆಯಿಂದ ಒಂದು ಮೊಳ ದೂರ ಇಟ್ಟೆ. ಟ್ಯಾಂಕಿನೊಳಗಿನ ತೇಲುಬುರುಡೆ ಸಿಕ್ಕಿಕೊಂಡಿದೆಯೇನೋ ಅಂತ ಬೆರಳಲ್ಲಿ ಎತ್ತಿ ಇಳಿಸಿ ನೋಡಿದೆ. ಮಿಷನ್ನು ಗುರ್ ಅನ್ನುತ್ತಿತ್ತು, ಟ್ಯಾಂಕಿನಲ್ಲಿ ಮಾತ್ರ ಹನಿ ನೀರಿಲ್ಲ. ಇಡೀ ಮನೆಯಲ್ಲಿ ಒಣಗಿದ್ದ ಜಾಗ ಅದೊಂದೇ! ಮದುವೆ ಬಟ್ಟೆಗೆಲ್ಲ ಬೂಷ್ಟು. ನನ್ನ ಚಿಕ್ಕಂದಿನ ಉಬ್ಬಸ ಹಳೇ ನೆಂಟನ ಹಾಗೆ ಬಂದು ತಳವೂರಿದೆ. ಎರಡು ವಾರದಲ್ಲಿ ತೇವ ಇಳಿಯದಿದ್ದರೆ ಆ ಮನೆ ಬಿಡಿ ಅಂದರು ಡಾಕ್ಟರು. ಅದರ ಮಾರನೇ ದಿನದಿಂದಲೇ ಟ್ಯಾಂಕು ತುಂಬತೊಡಗಿತು. ನಾನು ಕುಣಿದಾಡಿಬಿಟ್ಟೆ, ಇವರೂ ಜೊತೆಗೆ ಕುಣಿದರು.

ಇವತ್ತು ಟ್ಯಾಂಕು ಬಗ್ಗಿಸಿದಾಗ ತಳದಲ್ಲಿ ಬಿಳಿ ಚೂರುಗಳು ಕಂಡವು. ಮುಟ್ಟಿದರೆ ಬೆರಳಿಗೆ ಅಂಟಿದವು. ಮೈದಾ ಅಂಟು, ಅಪ್ಪಾ! ನಿನ್ನ ಅಳಿಯ ಪುಸ್ತಕಗಳಿಗೆ ರಟ್ಟು ಕಟ್ಟುವಾಗ ಬ್ರಶ್ಶು ತೊಳೆಯುವ ಮಗ್ಗಿನಲ್ಲಿ ತೇಲುತ್ತದಲ್ಲ, ಅದೇ. ನಾನು ಸ್ನಾನಕ್ಕೆ ಹೋದಾಗ ಆ ಮಗ್ಗಿನಲ್ಲೇ ನೀರು ತಂದು ಸುರಿಯುತ್ತಿದ್ದಾರೆ. ಮಗ್ಗು ತೊಳೆಯಬೇಕು ಅಂತಲೂ ಹೊಳೆದಿಲ್ಲ, ಪಾಪ, ಮೋಸ ಮಾಡಿ ಅಭ್ಯಾಸವಿಲ್ಲ. ಇವರು ಅಂಟು ತರಲು ಹೊರಗೆ ಹೋದಾಗ ರಿಪೇರಿಯವನನ್ನು ಕರೆಸಿದೆ. ಗ್ಯಾಸು ಪೂರ್ತಿ ಹೋಗಿದೆಯಂತೆ. ತುಂಬಿಸಿ ಅಂದೆ. ಆತ ಗೋಡೆಗೆ ಅಂಗೈ ಒತ್ತಿ ನನ್ನ ಮುಂದೆ ಹಿಡಿದ. ಅಂಗೈ ಒದ್ದೆ. ‘ನೆಲದಿಂದ ನೀರು ಹತ್ತುತ್ತಲೇ ಇದೆ ಮೇಡಂ, ಇಂಥವು ಹತ್ತು ಇಟ್ಟರೂ ಅಷ್ಟೇ’ ಅಂದ. ನಿನ್ನ ಮಿಷನ್ನಿನದು ತಪ್ಪಲ್ಲ ಅಪ್ಪಾ, ಬೇಜಾರು ಮಾಡಿಕೊಳ್ಳಬೇಡ.

ಇವರು ಇಲ್ಲಿಂದ ಏಳುವಂತಿಲ್ಲ. ರಟ್ಟು ಕಟ್ಟಿದ ಪುಸ್ತಕ ಒತ್ತುವ ಇವರ ತಾತನ ಕಬ್ಬಿಣದ ಪ್ರೆಸ್ಸನ್ನು ಇಲ್ಲಿಗೆ ಇಳಿಸಿದ ಮೇಲೆ ಮೆಟ್ಟಿಲು ಕಟ್ಟಿದ್ದಂತೆ. ಮೆಟ್ಟಿಲು ಒಡೆಯದೆ ಅದು ಮೇಲೆ ಬಾರದು, ಒಡೆಯಲು ಮನೆ ಮಾಲೀಕರು ಬಿಡರು. ಅದನ್ನು ಬಿಟ್ಟರೆ ಇವರಿಗೆ ಬೇರೆ ಕಸುಬು ಗೊತ್ತಿಲ್ಲ.

ಅಮ್ಮನಿಗೆ ಉಬ್ಬಸದ ವಿಷಯ ನಿಧಾನವಾಗಿ ಹೇಳು. ಇಬ್ಬರಿಗೂ ನಮಸ್ಕಾರ.

ನಿನಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದ
ಪುಟ್ಟಿ

ತಾ.ಕ.: ನನಗೆ ಗೊತ್ತಾಗಿದೆ ಅಂತ ಇವರಿಗೆ ಹೇಳಿಲ್ಲ, ನೀನೂ ಹೇಳಬೇಡ. ಈಗಷ್ಟೇ ಸ್ನಾನ ಮುಗಿಸಿ ಬಂದೆ, ಟ್ಯಾಂಕು ಮತ್ತೆ ತುಂಬಿದೆ. ‘ಭೇಷ್!’ ಅಂದೆ. ನಾಲ್ಕು ದಿನ ಅಪ್ಪನ ಮನೆಗೆ ಹೋಗಿ ಬರುತ್ತೇನೆ ಅಂತ ಇವರಿಗೆ ಹೇಳಿದ್ದೇನೆ, ಆದರೆ ವಾಪಸ್ ಟಿಕೆಟು ತೆಗೆದಿಲ್ಲ. ಸ್ಟೇಷನ್ನಿಗೆ ಬಾ ಅಪ್ಪಾ. ಶುಕ್ರವಾರ, ಬೆಳಗಿನ ಆರೂವರೆಯ ಪ್ಯಾಸೆಂಜರು.