ಮೂರು ಗಂಟೆಯ ಗಂಜಿ

ಏಪ್ರಿಲ್ ೧೩, ಗರಿಗಳ ಭಾನುವಾರ

ರಾಗಿ ಗಂಜಿ ಸೋಸಿ ಇವರ ಮೂಗಿನ ಟ್ಯೂಬಿಗೆ ಬಿಟ್ಟೆ. ಅರ್ಧ ವಾಪಸ್. ಕೆಮ್ಮು, ಕಣ್ಣಲ್ಲಿ ನೀರು. ನೆಲಮಂಗಲ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಮೇಲೆ ಪ್ರಜ್ಞೆಯೇ ಬಂದಿಲ್ಲ. ಕಣ್ಣು ಬಿಡುತ್ತಾರೆ, ನನ್ನನ್ನು ನೋಡುವುದಿಲ್ಲ. ಥೂ, ಸಾಕಾಗಿದೆ.

ಚರ್ಚಲ್ಲಿ ಪೂಜೆ ಮುಗಿಸಿ ಫಾದರ್ ನಮ್ಮ ಮನೆಗೆ ಆಶೀರ್ವದಿಸಿದ ಗರಿ ತಂದರು. ಕೇಳಿಯೇಬಿಟ್ಟೆ. "ಟ್ಯೂಬ್ ತೆಗೆಸಿದ್ರೆ ಪಾಪಾನಾ ಫಾದರ್?"

"ಗಂಜಿ ಔಷಧಿಯಲ್ಲಮ್ಮ, ಊಟ. ಮೈ ತಗೊಳ್ಳೋವರೆಗೂ ಕೊಡ್ಬೇಕು. ತಗೊಳ್ದೆ ಬರೀ ಹಿಂಸೆ ಆದ್ರೆ ಬಲವಂತ ಬೇಡ ಅನ್ನುತ್ತೆ ಧರ್ಮಸಭೆ. ಡಾಕ್ಟರನ್ನ ಕೇಳು."

ಏಪ್ರಿಲ್ ೧೫

ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದರು. "ಅರಗ್ತಿದೆ. ಸ್ವಲ್ಪಸ್ವಲ್ಪ ಕೊಡಿ, ನಿಧಾನಕ್ಕೆ."

ಅಷ್ಟೇ. ಟ್ಯೂಬ್ ತೆಗೆಸೋ ಮಾತು ಮುಗೀತು.

ಏಪ್ರಿಲ್ ೧೮, ಶುಭ ಶುಕ್ರವಾರ. ಬೆಳಿಗ್ಗೆ

ಅತ್ತೆ ಸಿರಿಂಜ್ ಕಿತ್ತುಕೊಂಡರು. "ಯೇಸುಸ್ವಾಮಿ ಪ್ರಾಣ ಬಿಡೋ ಹೊತ್ತಿನವರೆಗೂ ನನ್ನ ಚೌರಪ್ಪ ಇವತ್ತು ಏನೂ ಮುಟ್ದೋನಲ್ಲ ಕಣಮ್ಮ. ಮೂರು ಗಂಟೆ ಆದ್ಮೇಲೆ ಕೊಡು."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಒಳಗೊಳಗೇ ಹಗುರವಾಯಿತು... ಅಯ್ಯೋ ದೇವರೇ.

ಸಂಜೆ

ಅತ್ತೆ ಚರ್ಚಿಗೆ ಹೋಗಿದ್ದರು. ಇವರಿಗೆ ಇಡೀ ದಿನ ಕೆಮ್ಮಿಲ್ಲ. ಮಗ್ಗದ ಕೆಲಸ ಮುಗಿಸಿ ಬಂದು ಮಲಗುತ್ತಿದ್ದರಲ್ಲ, ಹಾಗೇ ಇತ್ತು ಮುಖ. ಮೂರು ಗಂಟೆ ಆಯಿತು. ಗಂಜಿ ರೆಡಿ, ಸಿರಿಂಜ್ ಕೈಯಲ್ಲಿ. ಆಗಲಿಲ್ಲ. ಬಚ್ಚಲಿಗೆ ಚೆಲ್ಲಿದೆ.

ವಾಪಸ್ ಬಂದವರೇ ಅತ್ತೆ ಕೇಳಿದರು, "ಕೊಟ್ಯಾ?"

"ಕೊಟ್ಟೆ ಅತ್ತೆ."

ಅವರು ಶಿಲುಬೆ ಗುರುತು ಹಾಕಿಕೊಂಡರು. ನನಗೆ ಕೈ ಏಳಲಿಲ್ಲ.

ಏಪ್ರಿಲ್ ೧೯

ಬೆಳಿಗ್ಗೆಯೂ ಚೆಲ್ಲಿದೆ. ಆಗಲೂ ಸುಳ್ಳು.

ಮಧ್ಯಾಹ್ನ

ಇವರ ತುಟಿ ಆಡುತ್ತಿದೆ. ಏನೋ ಚೀಪುವ ಹಾಗೆ. ಬಾಯಿ ತೆರೆಯುವುದು, ಮುಚ್ಚುವುದು. ಇದು ಹಸಿವಲ್ಲ, ರಿಫ್ಲೆಕ್ಸ್ ಅಂತ ಡಾಕ್ಟರ್ ಹಿಂದೊಮ್ಮೆ ಹೇಳಿದ್ದರು. ಇರಬಹುದು. ಆದರೆ ಹಸಿವು ತಡೆಯುವ ಮನುಷ್ಯನೇ ಅಲ್ಲ ಇವರು. ಊಟಕ್ಕೆ ಬಂದರೆ ಬಾಗಿಲಿಂದಲೇ ಕೂಗುತ್ತಿದ್ದರು, "ಲೇ, ತಟ್ಟೆ ಹಾಕೇ." ನಾನು ಎಂಥಾ ಕೆಲಸ ಮಾಡಿಬಿಟ್ಟೆ!

ಗಂಜಿ ಕಾಯಿಸಿ ಇಳಿಸಿದ್ದೇನೆ. ಬಿಸಿಬಿಸಿಯಾಗೇ ಬಿಟ್ಟರೆ ಒಳಗೆ ಸುಡುತ್ತದೆ, ಆರಬೇಕು. ಅಲ್ಲಿಯವರೆಗೆ ಬರೆಯುತ್ತಾ ಕೂತೆ. ಕೊಡ್ತೀನಿ ರೀ. ಒಂದೇ ನಿಮಿಷ. ಇನ್ನು ಯಾವತ್ತೂ ತಪ್ಪಿಸಲ್ಲ.

ಅತ್ತೆ ಇವರ ರೂಮಿನಿಂದ ಕೂಗುತ್ತಿದ್ದಾರೆ. ನನ್ನನ್ನಲ್ಲ. ಚೌರಪ್ಪಾ, ಲೋ ಚೌರಪ್ಪಾ, ಕಣ್ಣು ಬಿಡೋ ಅಂತ —