ಅಕ್ಕನ ಪಾಲಿನ ಮರಳು

ತೀರ ರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಬಾಗಿಲಿಗೆ ಬಂದು ಬಿದ್ದ ಮರಳನ್ನು ಚೀಲಕ್ಕೆ ತುಂಬಿ ಅಕ್ಕನ ಮನೆಗೆ ಸಾಗಿಸಿದ್ದಕ್ಕೆ ನೀವು ನನ್ನ ಭಾವನ ಮೇಲೆ ಮರಳು ಕಳವಿನ ದೂರು ದಾಖಲಿಸಿದ್ದೀರಿ. ಚೀಲಗಳನ್ನೂ ತಳ್ಳುಗಾಡಿಯನ್ನೂ ಜಪ್ತಿ ಮಾಡಿ ಕಚೇರಿಯ ಹಿತ್ತಿಲಲ್ಲಿ ಇಟ್ಟುಕೊಂಡಿದ್ದೀರಿ. ಅದೇ ವಾರ ಅಕ್ಕನ ಅಡುಗೆಮನೆ ಕಡಲಿಗೆ ಹೋಯಿತು. ಅದರ ಬಗ್ಗೆ ಮಾತ್ರ ನಿಮ್ಮಲ್ಲಿ ಯಾವ ದೂರೂ ದಾಖಲಾಗಿಲ್ಲ. ಕಡಲು ವಿಳಾಸವಿಲ್ಲದ ಆಸಾಮಿ ಎಂದು ಬಿಟ್ಟಿರಬೇಕು.

ನಾನು ಬಟ್ಟೆ ಹೊಲಿಯುವವಳು. ನನ್ನ ಮನೆಗೂ ಅಕ್ಕನ ಮನೆಗೂ ನಡುವೆ ಮೊದಲು ಬರೀ ಮರಳ ದಂಡೆಯಿತ್ತು. ಒಲೆಯ ಮೇಲೆ ಹಾಲಿಟ್ಟು ನನ್ನಲ್ಲಿಗೆ ಬಂದು, ಅದು ಉಕ್ಕುವುದರೊಳಗೆ ವಾಪಸಾಗಬಹುದು ಎಂದು ಅಕ್ಕ ಹೇಳುತ್ತಿದ್ದಳು. ಹಾಲು ಪ್ರತಿಸಲವೂ ಉಕ್ಕುತ್ತಿತ್ತು, ಆ ಮಾತು ಬೇರೆ. ಆಮೇಲೆ ನೀವು ದೋಣಿಗಳಿಗೆ ನೆಲೆ ಬೇಕೆಂದು ನಮ್ಮಿಬ್ಬರ ನಡುವೆ ಕಡಲೊಳಕ್ಕೆ ಕಲ್ಲಿನ ಗೋಡೆ ಇಳಿಸಿದಿರಿ.

ನಮ್ಮ ದಡಕ್ಕೆ ಅಲೆ ನೇರವಾಗಿ ಬರುವುದಿಲ್ಲ, ಓರೆಯಾಗಿ ಬರುತ್ತದೆ. ಬರುವಾಗ ಮರಳನ್ನು ಓರೆಯಾಗಿ ಮೇಲಕ್ಕೆ ತಳ್ಳುತ್ತದೆ, ಹಿಂದಿರುಗುವಾಗ ನೇರ ಕೆಳಕ್ಕೆ ಎಳೆಯುತ್ತದೆ. ಹೀಗೆ ಹತ್ತಿ ಇಳಿದು, ಹತ್ತಿ ಇಳಿದು, ಮರಳು ನನ್ನ ಮನೆಯ ಕಡೆಯಿಂದ ಅಕ್ಕನ ಮನೆಯ ಕಡೆಗೆ ನಡೆಯುತ್ತಲೇ ಇತ್ತು. ಅಲ್ಲಿಂದ ಹೋದಷ್ಟನ್ನು ಇಲ್ಲಿಂದ ಬಂದದ್ದು ತುಂಬುತ್ತಿತ್ತು. ಗೋಡೆ ಬಂದ ಮೇಲೆ ಅಲ್ಲಿಗೆ ಬರುವುದು ನಿಂತಿತು, ಅಲ್ಲಿಂದ ಹೋಗುವುದು ನಿಲ್ಲಲಿಲ್ಲ.

ಇದು ನನ್ನ ಸಂಶೋಧನೆಯಲ್ಲ. ಕಲ್ಲು ಇಳಿಸುವಾಗ ಬಂದಿದ್ದ ನಿಮ್ಮದೇ ಇಂಜಿನಿಯರ್ ನನ್ನ ಜಗಲಿಯಲ್ಲಿ ಕೂತು ನೀರು ಕುಡಿಯುತ್ತಾ ವಿವರಿಸಿದ್ದು. ಎಂಥ ಗಾಳಿಗೂ ಛತ್ರಿ ಮಡಚದ ಅವರನ್ನು ನಾವು ಛತ್ರಿ ಸಾಹೇಬರು ಎನ್ನುತ್ತಿದ್ದೆವು. “ಈ ಕಡೆ ಸೇರೋ ಮರಳನ್ನ ವರ್ಷಾ ವರ್ಷಾ ಪಂಪು ಮಾಡಿ ಆ ಕಡೆ ಹಾಕ್ಲೇಬೇಕಮ್ಮ. ಇಲ್ದಿದ್ರೆ ನಿಮ್ಮಕ್ಕನ ಮನೆ ಉಳಿಯಲ್ಲ,” ಎಂದಿದ್ದರು. ಗೋಡೆ ಮುಗಿಯಿತು, ಅವರಿಗೆ ವರ್ಗವಾಯಿತು. ಪಂಪು ಬರಲಿಲ್ಲ, ಉದ್ಘಾಟನೆಯ ಫಲಕ ಬಂತು. ಗೊತ್ತಿಲ್ಲದೆ ಮಾಡಿದವರಿಗೆ ತಿಳಿಹೇಳಬಹುದು. ಗೊತ್ತಿದ್ದೂ ಮಾಡಿದವರಿಗೆ ಏನು ಹೇಳುವುದು, ಸ್ವಾಮಿ?

ನನ್ನ ಕಡೆ ಮರಳು ಕಿಟಕಿಯವರೆಗೆ ಏರಿತು. ಹೊಲಿಗೆ ಯಂತ್ರದೊಳಗೆ ಹೊಕ್ಕು ಕರಕರ ಎನ್ನತೊಡಗಿತು. ನಿಮ್ಮ ಕಾವಲುಗಾರರ ಸಮವಸ್ತ್ರ ಹೊಲಿಯುವವಳೂ ನಾನೇ. ಹೊಸ ಜೇಬಿನಲ್ಲಿ ಮರಳಿದೆ ಎಂದು ಅವರಲ್ಲೊಬ್ಬರು ವಾಪಸು ತಂದುಕೊಟ್ಟರು. ಆ ಕಡೆ ಅಕ್ಕನಿಗೆ ಮೊದಲು ದಂಡೆ ಹೋಯಿತು, ಆಮೇಲೆ ಬಟ್ಟೆ ಒಣಹಾಕುವ ಕಂಬ, ಆಮೇಲೆ ಬಚ್ಚಲು. ಭಾವ ನಿಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿ ತಂದ ಉತ್ತರ, ಕಡಲ್ಕೊರೆತವೆಂಬುದು ನೈಸರ್ಗಿಕ ಪ್ರಕ್ರಿಯೆ. ಆ ನಿಸರ್ಗವು ನಿಮ್ಮ ಲಾರಿಗಳಲ್ಲಿ ಕಲ್ಲು ಹೇರಿಕೊಂಡು ಬಂದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಒಂದು ದಿನ ಅಕ್ಕ ನನ್ನ ಅಂಗಳದ ರಾಶಿಯನ್ನು ನೋಡುತ್ತಾ, “ನಿಂಗೇನಮ್ಮ, ಕಡಲೇ ನಿನ್ನ ಪರ,” ಎಂದಳು. ಆಮೇಲೆ ಮಾತು ಬಿಟ್ಟಳು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ನಾನು ಉಳಿದ ದಪ್ಪ ಬಟ್ಟೆಯನ್ನೆಲ್ಲ ಕೂಡಿಸಿ ಚೀಲ ಹೊಲಿದೆ. ನಾನು ತುಂಬುವುದು, ಭಾವ ತಳ್ಳುವುದು. ಗೋಡೆ ತಡೆದದ್ದನ್ನು ಗಾಡಿಯಲ್ಲಿ ದಾಟಿಸಿ ಅಕ್ಕನ ಹಿತ್ತಿಲ ಗೋಡೆಗೆ ಒಟ್ಟಿದೆವು. ಸ್ವಲ್ಪ ದಿನ ಅದು ತಡೆಯಿತು ಕೂಡ. ಅಷ್ಟರಲ್ಲಿ ನಿಮ್ಮ ಕಾವಲುಗಾರರು ಬಂದು ಗಾಡಿಯನ್ನು ನಿಲ್ಲಿಸಿದರು, ಒಟ್ಟಿದ್ದ ಚೀಲಗಳನ್ನೂ ಎತ್ತಿಸಿದರು.

ಭಾವ ಕೈಮುಗಿದು, “ಸಾರ್, ಗೋಡೆ ಇಲ್ದಿದ್ರೆ ಇದು ತಾನಾಗೇ ಅಲ್ಲಿಗೆ ಹೋಗ್ತಿತ್ತು,” ಎಂದರು.

“ತಾನಾಗೇ ಹೋದ್ರೆ ಪರವಾಗಿಲ್ಲ. ನೀವು ತಗೊಂಡು ಹೋಗೋ ಹಾಗಿಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ಕಂಡಿದ್ದೆವು. ಎತ್ತಿಗೆ ಮದ್ದು ಅರೆಯುವವರ ಕೈಗೇ ಬರೆ ಎಳೆಯುವವರನ್ನು ಈಗ ಕಂಡೆವು.

ಅಡುಗೆಮನೆ ಕುಸಿದದ್ದು ಬೆಳಿಗ್ಗೆ. ಅಕ್ಕ ಒಲೆಯ ಮುಂದಿದ್ದಳು. ಗೋಡೆ ಚಟ್ಟೆಂದ ಸದ್ದಿಗೆ ಭಾವ ಓಡಿಬಂದು ಅವಳನ್ನು ಹೊರಗೆಳೆಯುವಷ್ಟರಲ್ಲಿ ನೆಲದ ಮೂಲೆ ಜಾರಿತ್ತು. ಜೀವ ಉಳಿಯಿತು, ಮುಂಗೈ ಮೂಳೆ ಮುರಿಯಿತು. ಮಧ್ಯಾಹ್ನ ಕೈಗೆ ಕಟ್ಟು ಹಾಕಿಸಿಕೊಂಡು ನನ್ನ ಮನೆಗೆ ಬಂದಳು. ನಾನು ಬಾಗಿಲಲ್ಲೇ ನಿಂತು ಅಳುತ್ತಿದ್ದೆ. ಅಷ್ಟು ದಿನದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು: “ಸ್ವಲ್ಪ ಸರಿ, ಕೂತ್ಕೋತೀನಿ.”

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಭಾವನ ಮೇಲಿನ ದೂರು ವಾಪಸು ತೆಗೆದುಕೊಳ್ಳಿ. ಕಡಲು ಮತ್ತೆ ಒರಟಾಗುವ ಮೊದಲು ಪಂಪು ತಂದು ಈಚೆಯ ಮರಳನ್ನು ಆಚೆಗೆ ದಾಟಿಸಿ, ವರ್ಷಾವರ್ಷ ದಾಟಿಸಿ. ಅಕ್ಕನ ಆಚೆಗೂ ಒಂದು ಸಾಲು ಮನೆಗಳಿವೆ, ಅವರ ಬಚ್ಚಲಿಗೂ ನೀರು ಮುಟ್ಟಿದೆ. ಇಷ್ಟೂ ಆಗದು ಎನ್ನುವುದಾದರೆ ತಾವೇ ಒಮ್ಮೆ ಬಂದು, ಆ ನೈಸರ್ಗಿಕ ಪ್ರಕ್ರಿಯೆಯನ್ನು ನಮ್ಮಕ್ಕನ ಮುಖ ನೋಡಿ ಹೇಳಿ ಹೋಗಿ. ಕೂರಿಸುವುದಕ್ಕೆ ಜಾಗವಿಲ್ಲ, ನಿಂತೇ ಹೇಳಬೇಕಾಗುತ್ತದೆ.

ಇಂತಿ,
ಇರುವ ಒಂದು ಕೋಣೆಯಲ್ಲಿ ಅಕ್ಕ, ಭಾವ ಮತ್ತು ಹೊಲಿಗೆ ಯಂತ್ರಕ್ಕೆ ಜಾಗ ಮಾಡಿಕೊಟ್ಟು, ತಾನು ಬಾಗಿಲ ಬಳಿ ಮಲಗುವ ತಂಗಿ